ಉದ್ರಿ: ಲೆಕ್ಕಕ್ಕೆ ಸಿಗದ ಸಾಲ

ಬೀದರ್ ಕಡೆಯ ಕಿರಾಣಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಬರಹ ಗೋಡೆಯ ಮೇಲೆ ತೂಗುತ್ತಿರುತ್ತದೆ. ಅದರ ಕೆಳಗೇ, ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ, ಮೂಲೆ ಸವೆದ ಉದ್ದನೆಯ ಉದ್ರಿ ಪುಸ್ತಕವೂ ಇರುತ್ತದೆ. ‘ಬರಕೋರಿ’ ಎಂಬ ಒಂದು ಮಾತಿಗೆ ಸಕ್ಕರೆ, ಎಣ್ಣೆ, ಸಾಬೂನು ಚೀಲಕ್ಕಿಳಿಯುತ್ತವೆ. ಪುಸ್ತಕದಲ್ಲಿ ಒಂದು ಸಾಲು ಏರುತ್ತದೆ. ಇದೇ ಗಿರಾಕಿಯನ್ನು ‘ನಿಮಗೆ ಸಾಲ ಎಷ್ಟಿದೆ?’ ಎಂದು ಕೇಳಿದರೆ ಬ್ಯಾಂಕಿನ ಬೆಳೆಸಾಲ ಹೇಳುತ್ತಾರೆ, ಸಂಘದ ಸಾಲ ಹೇಳುತ್ತಾರೆ, ನಂಟರ ಹತ್ತಿರದ ಕೈಗಡವನ್ನೂ ಸ್ವಲ್ಪ ತಡೆದು ಹೇಳುತ್ತಾರೆ. ಕಿರಾಣಿ ಅಂಗಡಿಯ ಬಾಕಿ ಆ ಪಟ್ಟಿಗೆ ಬರುವುದೇ ಇಲ್ಲ. ಅದು ಸಾಲವಲ್ಲ, ಉದ್ರಿ. ಸಂಸಾರದ ಖರ್ಚು ಹಿಡಿತಕ್ಕೆ ತರಬೇಕೆನ್ನುವವರು ಚಹಾ ಕಡಿಮೆ ಮಾಡುವ ಮೊದಲು, ಕರೆಂಟು ಉಳಿಸುವ ಮೊದಲು, ಈ ಒಂದು ಶಬ್ದವನ್ನು ಸಾಲದ ಪಟ್ಟಿಗೆ ಸೇರಿಸಿಕೊಳ್ಳಬೇಕು ಎಂಬುದು ನನ್ನ ವಾದ.

ಶಬ್ದದ ಮೂಲ ಕೇಳಿದರೆ ನಗು ಬರುತ್ತದೆ. ಸಂಸ್ಕೃತದ ‘ಉದ್ಧಾರ’ವೇ ಸವೆದು ಸವೆದು ಉದ್ರಿಯಾಗಿದೆ. ಉದ್ಧಾರ ಎಂದರೆ ಮೇಲೆತ್ತುವುದು. ಆದರೆ ಅಮರಕೋಶದ ಕಾಲಕ್ಕೇ ಅದು ಸಾಲದ ಹೆಸರುಗಳಲ್ಲಿ ಒಂದಾಗಿತ್ತು. ಬಡ್ಡಿಯಿಲ್ಲದ ಸಾಲ ಎಂಬ ಅರ್ಥವನ್ನೂ ನಿಘಂಟುಕಾರರು ಕೊಡುತ್ತಾರೆ. ಹಿಂದಿ ಮತ್ತು ಉರ್ದುವಿನಲ್ಲಿ ಅದು ‘ಉಧಾರ್’, ಮರಾಠಿಯಲ್ಲಿ ‘ಉಧಾರಿ’, ನಮ್ಮಲ್ಲಿ ‘ಉದ್ರಿ’. 1956ರ ತನಕ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆ. ಭಾಷಾವಾರು ವಿಂಗಡಣೆಯಲ್ಲಿ ಉದಗೀರ, ನಿಲಂಗಾ, ಅಹ್ಮದಪುರ ಮುಂಬೈ ರಾಜ್ಯದ ಪಾಲಾದವು, ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ನಕಾಶೆ ಹರಿದರೂ ಗಂಜಿನ, ಅಂದರೆ ಸಗಟು ಪೇಟೆಯ, ಮಾತು ಹರಿಯಲಿಲ್ಲ. ಜಮಾ, ಖರ್ಚು, ಬಾಕಿ, ನಗದು, ಪಗಾರ, ಚುಕ್ತಾ, ಅಡತಿ: ಗಾಂಧಿ ಗಂಜಿನಲ್ಲಿ ನಿಂತು ಕೇಳಿದರೆ ಯಾವುದು ಯಾವ ಭಾಷೆಯದೆಂದು ಯಾರಿಗೂ ನೆನಪಿರುವುದಿಲ್ಲ, ಬೇಕಾಗಿಯೂ ಇಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಅಂಗಡಿಯ ಬಾಕಿಗೂ ಬ್ಯಾಂಕಿನ ಬಾಕಿಗೂ ‘ಸಾಲ’ ಎಂಬ ಒಂದೇ ಮಾತು ನಡೆಯುತ್ತದೆ. ಇಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿರುವುದರಿಂದ ಮನಸ್ಸಿನಲ್ಲೂ ಎರಡು ಖಾನೆಗಳಾಗಿವೆ. ಸಾಲಕ್ಕೆ ಬಡ್ಡಿಯುಂಟು, ಗಡುವುಂಟು, ನಾಚಿಕೆಯೂ ಉಂಟು. ಉದ್ರಿಗೆ ಮೂರೂ ಇಲ್ಲ ಎಂದೇ ನಂಬಿಕೆ.

ಹಾಗೆಂದು ಉದ್ರಿಯನ್ನು ಸೋಮಾರಿತನದ ಹೆಸರಾಗಿ ಮಾಡುವುದು ಅನ್ಯಾಯ. ಪತ್ರಿಕೆಗಳು ಹೇಳಿಕೊಡುವ ಮನೆಯ ಬಜೆಟ್ಟು ತಿಂಗಳ ಬಜೆಟ್ಟು: ಒಂದನೇ ತಾರೀಖು ಪಗಾರ, ಮೂವತ್ತಕ್ಕೆ ಲೆಕ್ಕ. ಔರಾದ್, ಭಾಲ್ಕಿಯ ಹಳ್ಳಿಗಳ ಹೊಲ ಹಾಗೆ ನಡೆಯುವುದಿಲ್ಲ. ಜೂನ್ ಮಳೆಗೆ ಬೀಜ, ಗೊಬ್ಬರ, ಕೂಲಿ ಎಂದು ಇದ್ದುದೆಲ್ಲ ಖಾಲಿ. ಹೆಸರು, ಉದ್ದಿನ ರಾಶಿ ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ, ಸೋಯಾಬೀನ್ ಅಕ್ಟೋಬರಿಗೆ, ತೊಗರಿಯ ದುಡ್ಡು ನೋಡಬೇಕಾದರೆ ಡಿಸೆಂಬರ್, ಜನವರಿ ದಾಟಬೇಕು, ಕಡಲೆ ಮತ್ತು ಬಿಳಿಜೋಳ ಅದಕ್ಕೂ ಆಚೆ. ಕಬ್ಬು ಹಾಕಿದವರು ಕಾರ್ಖಾನೆಯ ಬಿಲ್ಲಿಗೆ ಕಾಯುತ್ತಾರೆ. ವರ್ಷಕ್ಕೆ ನಾಲ್ಕು ಸಲ ಬರುವ ದುಡ್ಡು ದಿನಕ್ಕೆರಡು ಸಲದ ಒಲೆಯನ್ನು ಉರಿಸಬೇಕು. ನಡುವಿನ ಕಂದಕಕ್ಕೆ ಸೇತುವೆ ಹಾಕಿದ್ದು ‘ರಾಶಿ ಆದಮ್ಯಾಲ ಕೊಡ್ತೀವಿ’ ಎಂಬ ಮಾತು. ಕಾಗದವಿಲ್ಲ, ಜಾಮೀನಿಲ್ಲ, ಮುಖ ನೋಡಿ ಕೊಡುವುದು. ಯಾವ ಬ್ಯಾಂಕೂ ಐದು ನೂರು ರೂಪಾಯಿಯ ಎಣ್ಣೆಗೆ ಹೀಗೆ ಸಾಲ ಕೊಡುವುದಿಲ್ಲ.

ಆದರೆ ಬಡ್ಡಿಯಿಲ್ಲ ಎಂಬ ನಂಬಿಕೆಯನ್ನು ಒಮ್ಮೆ ಲೆಕ್ಕಕ್ಕೆ ಹಚ್ಚಿ ನೋಡೋಣ. ತಿಂಗಳಿಗೆ 4,000 ರೂಪಾಯಿಯ ಕಿರಾಣಿ ಸಾಮಾನು, ಉದ್ರಿ ದರ ನಗದು ದರಕ್ಕಿಂತ ನೂರಕ್ಕೆ 5 ಹೆಚ್ಚು ಎಂದು ಹಿಡಿಯಿರಿ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ನಿಮ್ಮ ಓಣಿಯದು ಬೇರೆ ಇರಬಹುದು. ತಿಂಗಳಿಗೆ 200, ವರ್ಷಕ್ಕೆ 2,400 ರೂಪಾಯಿ ಹೆಚ್ಚು ಹೋಗುತ್ತದೆ. ಆರು ತಿಂಗಳಿಗೊಮ್ಮೆ ರಾಶಿಯ ಮೇಲೆ ಚುಕ್ತಾ ಮಾಡುವ ರೈತನ ಹೆಸರಿನಲ್ಲಿ ಬಾಕಿ ಸೊನ್ನೆಯಿಂದ 24,000ಕ್ಕೆ ಏರಿ ಇಳಿಯುತ್ತದೆ; ಸರಾಸರಿ 12,000. ಅದರ ಮೇಲೆ 2,400 ಎಂದರೆ ವರ್ಷಕ್ಕೆ ನೂರಕ್ಕೆ 20 ಬಡ್ಡಿ. ದುಬಾರಿಯೇ, ಆದರೆ ಬೇರೆ ದಾರಿ ಕಡಿಮೆ. ಈಗ ಬೀದರ್ ನಗರದಲ್ಲಿ ಪಗಾರದ ಮೇಲಿರುವ ಮನೆಯನ್ನು ನೋಡಿ. ದಿನಾ ಚೂರುಪಾರು ತಂದು, ಪಗಾರ ಬಂದ ದಿನ ತಪ್ಪದೆ ಚುಕ್ತಾ ಮಾಡುವ ಪ್ರಾಮಾಣಿಕ ಮನೆ. ಅವರ ಸರಾಸರಿ ಬಾಕಿ ಬರೀ 2,000. ಕೊಡುವ ಹೆಚ್ಚಳ ಅದೇ 2,400. ನೂರಕ್ಕೆ 120! ರಾಶಿಗೆ ಕಾಯುವ ರೈತನಿಗಿಂತ ಆರು ಪಟ್ಟು ತುಟ್ಟಿಯ ಉದ್ರಿಯನ್ನು, ಉದ್ರಿಯ ಅಗತ್ಯವೇ ಇಲ್ಲದ ಮನೆ ತೆಗೆದುಕೊಳ್ಳುತ್ತಿದೆ. ಬೇಗ ತೀರಿಸಿದಷ್ಟೂ ಉದ್ರಿ ತುಟ್ಟಿಯಾಗುತ್ತದೆ ಎಂಬುದು ಅಂಗಡಿಯವರಿಗೆ ಗೊತ್ತು. ನಮಗೆ ಗೊತ್ತಾಗುವುದಿಲ್ಲ, ಏಕೆಂದರೆ ಆ ಹೆಚ್ಚಳ ದರದೊಳಗೆ ಕೂತಿರುತ್ತದೆ, ಪುಸ್ತಕದಲ್ಲಿ ಬೇರೆ ಸಾಲಾಗಿ ಕಾಣುವುದಿಲ್ಲ.

‘ನಮ್ಮ ಅಂಗಡಿಯಲ್ಲಿ ಎರಡು ದರ ಇಲ್ಲ, ಪಾಕೀಟಿನ ಮೇಲೆ ಬರೆದಷ್ಟೇ’ ಎನ್ನುವವರಿದ್ದಾರೆ. ಹಲವು ಕಡೆ ಅದು ನಿಜ. ಆದರೆ ಪಾಕೀಟಿನ ದರ ಗರಿಷ್ಠ ದರ. ನಗದು ಹಿಡಿದು ಗಂಜಿಗೆ ಹೋದವನು ಅದಕ್ಕಿಂತ ಕೆಳಗೆ ಕೇಳುತ್ತಾನೆ, ಉದ್ರಿಯವನಿಗೆ ಕೇಳುವ ಬಾಯಿಲ್ಲ. ಬೇಳೆ ನುಸಿ ಹಿಡಿದಿದ್ದರೂ ತಿರುಗಿ ಕೊಡಲು ಸಂಕೋಚ. ಬಾಕಿ ಇರುವಾಗ ಇನ್ನೊಂದು ಅಂಗಡಿಯ ಚೀಲ ಹಿಡಿದು ಅದೇ ಓಣಿಯಲ್ಲಿ ನಡೆಯುವುದೂ ಕಷ್ಟ. ಎಲ್ಲಕ್ಕಿಂತ ದೊಡ್ಡದು, ಕೈಯಿಂದ ನೋಟು ಹೋಗದಿದ್ದರೆ ‘ಇನ್ನೊಂದು ಬಿಸ್ಕೀಟ್ ಪುಡಾ ಹಾಕ್ರಿ’ ಎನ್ನುವುದು ಹಗುರ. ಇನ್ನು ಕೆಲವರು ಕೇಳುವುದು ಹೆಚ್ಚು ಗಟ್ಟಿಯಾದ ಪ್ರಶ್ನೆ: ಉದ್ರಿ ಬಿಟ್ಟರೆ ಜಡ್ಡು ಬಂದಾಗ, ಮಳೆ ಕೈಕೊಟ್ಟಾಗ ಯಾರು ಕೊಡುತ್ತಾರೆ? ಖಾತೆಯೇ ಬಡವರ ವಿಮೆ ಅಲ್ಲವೇ? ಒಪ್ಪುತ್ತೇನೆ. ಅದಕ್ಕೇ ಅದನ್ನು ಚಹಾಪುಡಿ, ಸಾಬೂನಿಗೆ ಸವೆಸಬಾರದು. ಖಾತೆ ಇರಲಿ, ಖಾಲಿ ಇರಲಿ. ಬಾಕಿ ಮಿತಿ ಮುಟ್ಟಿರುವ ಮನೆಗೆ ನಿಜವಾದ ಕಷ್ಟದ ದಿನ ಅಂಗಡಿಯವರೂ ಕೈಯಲ್ಲಾಡಿಸುತ್ತಾರೆ.

ಬಡ್ಡಿಯನ್ನು ಬರೆದು ತೋರಿಸುವ ಸಾಲವೂ ಈ ಜಿಲ್ಲೆಗೆ ಹೊಸದಲ್ಲ. ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿದ ಮೇಲೆ, ಔರಾದ್ ಮೂಲದ ಗುರುಪಾದಪ್ಪ ನಾಗಮಾರಪಳ್ಳಿ ಅವರು ಅಧ್ಯಕ್ಷರಾಗಿದ್ದ ಕಾಲದಲ್ಲಿ ಬೀದರ್ ಡಿಸಿಸಿ ಬ್ಯಾಂಕ್ ಅದನ್ನು ಹಳ್ಳಿಹಳ್ಳಿಗೆ ಒಯ್ದಿತು. ಸಂಘದ ಪುಸ್ತಕದಲ್ಲಿ ಉಳಿತಾಯ ಎಷ್ಟು, ಸಾಲ ಎಷ್ಟು, ಬಡ್ಡಿ ಎಷ್ಟು ಎಂದು ಹೆಣ್ಣುಮಕ್ಕಳು ಎಲ್ಲರೆದುರು ಓದಿ ಹೇಳುತ್ತಾರೆ. ಅದೇ ಮನೆಯ ಉದ್ರಿಯ ಮೊತ್ತ ಮಾತ್ರ ಗಂಡನ ಬಾಯಲ್ಲಿ ಒಂದು, ಅಂಗಡಿಯ ಪುಸ್ತಕದಲ್ಲಿ ಇನ್ನೊಂದು. ಬರೆದಿಟ್ಟ ಮಾತ್ರಕ್ಕೆ ಎಲ್ಲವೂ ಸುರಳೀತ ಎಂದೇನಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಫೋನಿನಲ್ಲಿ ಒಂದು ಒತ್ತಿಗೆ ಸಿಗುವ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂಬುದೂ ಉದ್ರಿಯೇ, ಮುಖ ನೋಡಿ ಕೊಡುವ ದಾಕ್ಷಿಣ್ಯವೊಂದು ಅದಕ್ಕಿಲ್ಲ.

ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಕಾಟಕಸರದ, ಅಂದರೆ ಮಿತವ್ಯಯದ, ಮಾತೆತ್ತಿದರೆ ಶರಣೆ ಆಯ್ದಕ್ಕಿ ಲಕ್ಕಮ್ಮನ ಹೆಸರು ಬಂದೇ ಬರುತ್ತದೆ. ಗಂಡ ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಸುರಿದು ಬಾ ಎಂದವಳು. ಆ ಕಥೆಯನ್ನು ನಾವು ಆಸೆ ಬಿಡುವ ಪಾಠವಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಕಾಣುವುದು, ಮನೆಗೆ ಎಷ್ಟು ಬೇಕೆಂಬ ಲೆಕ್ಕ ಮನೆಯಾಕೆಯ ಹತ್ತಿರವೇ ಇತ್ತು ಎಂಬುದು. ಇಂದು ಆ ಲೆಕ್ಕ ಅಂಗಡಿಯ ಪುಸ್ತಕದಲ್ಲಿದೆ. ಅದನ್ನು ಹಿಂದಕ್ಕೆ ತರಲು ಪಗಾರದ ಮನೆಗೆ ಬೇಕಾದದ್ದು ಒಂದೇ ಒಂದು ತಿಂಗಳ ಕಿರಾಣಿಯ ದುಡ್ಡು, ಅದೂ ಒಂದೇ ಸಲ. ಆಮೇಲೆ ಪ್ರತಿ ತಿಂಗಳೂ ನಗದೇ. 4,000ದ ಮನೆಗೆ ಗೃಹಲಕ್ಷ್ಮಿಯ 2,000ದ ಎರಡು ಕಂತು ಸಾಕು. ಹೊಲದ ಮನೆಗೆ ಇದು ಒಂದೇ ವರ್ಷಕ್ಕೆ ಆಗುವ ಮಾತಲ್ಲ. ಹೆಸರಿನ ರಾಶಿಯ ದುಡ್ಡಿನಲ್ಲಿ ಒಂದು ತಿಂಗಳು, ಮುಂದಿನ ವರ್ಷ ಇನ್ನೊಂದು ತಿಂಗಳು ಎಂದು ಬಿಡಿಸಿಕೊಳ್ಳಬೇಕು. ಅದೂ ಆಗದವರಿಗೆ ಹೇಳುವುದಿಷ್ಟೆ, ಉಳಿದದ್ದು ಉದ್ರಿ ಉಪದೇಶವಾದೀತು: ದೀಪಾವಳಿಗೆ ಅಂಗಡಿಯವರು ಹೊಸ ಪುಸ್ತಕಕ್ಕೆ ಪೂಜೆ ಮಾಡುವ ಹೊತ್ತಿಗೆ ಮನೆಯಲ್ಲೂ ಮಕ್ಕಳ ಒಂದು ನೋಟ್‌ಬುಕ್ ತೆರೆಯಿರಿ, ತಂದ ದಿನವೇ ಸಾಮಾನು ಮತ್ತು ದರ ಬರೆಯಿರಿ, ಚುಕ್ತಾ ಮಾಡುವ ದಿನ ಎರಡೂ ಪುಸ್ತಕ ಎದುರುಬದುರಾಗಿ ಇಟ್ಟು ಓದಿಸಿ.