ಬೋಡಿಮೆಟ್ಟು: ಏಲಕ್ಕಿ ವ್ಯಾಪಾರ ಮತ್ತು ಕೂಲಿ

ತಮಿಳುನಾಡಿನ ತೇನಿ, ಕೇರಳದ ಇಡುಕ್ಕಿ ಜಿಲ್ಲೆಗಳ ಗಡಿಯಲ್ಲಿರುವ ಘಟ್ಟದ ಊರು. ರಾಷ್ಟ್ರೀಯ ಹೆದ್ದಾರಿ 85ರ ಮೇಲಿದೆ. ಬೋಡಿನಾಯಕನೂರು ಕಡೆಯ ಕೂಲಿಕಾರರು, ಹೆಚ್ಚಾಗಿ ಹೆಂಗಸರು, ಬೆಳಗಿನ ಜೀಪುಗಳಲ್ಲಿ ಇಕ್ಕಟ್ಟಾಗಿ ಕೂತು ಘಟ್ಟ ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಮರಳುತ್ತಾರೆ.

ಒಣಗಿಸಿದ ಕಾಯಿ ಬೋಡಿನಾಯಕನೂರು, ಪುಟ್ಟಡಿಗಳಲ್ಲಿ ಸಂಬಾರ ಮಂಡಳಿಯ ಇ-ಹರಾಜಿಗೆ ಬರುತ್ತದೆ. 1980ರ ದಶಕದಲ್ಲಿ ಏಲಕ್ಕಿ ರಫ್ತಿನಲ್ಲಿ ಗ್ವಾಟೆಮಾಲಾ ಭಾರತವನ್ನು ಹಿಂದಿಕ್ಕಿತು. ಅಲ್ಲಿನ ಫಸಲು ಮತ್ತು ಕೊಲ್ಲಿ ದೇಶಗಳ ಬೇಡಿಕೆಗೆ ತಕ್ಕಂತೆ ಇಲ್ಲಿನ ದರ ಏರಿಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಗರಿಷ್ಠ ದರ ಕಿಲೋಗೆ 7,000 ರೂಪಾಯಿ ಮುಟ್ಟಿತು. 2021ರ ಕೊನೆಗೆ ಸರಾಸರಿ ದರ 1,000ದ ಆಸುಪಾಸಿಗೆ ಕುಸಿದಿತ್ತು. ದರ ಏರಿದಾಗ ಲಾಭದ ದೊಡ್ಡ ಪಾಲು ತೋಟದವರಿಗೂ ದಾಸ್ತಾನುಗಾರರಿಗೂ ಸೇರುತ್ತದೆ. ದಿನಗೂಲಿ ಅದೇ ವೇಗದಲ್ಲಿ ಏರುವುದಿಲ್ಲ. ದರ ಬಿದ್ದಾಗ ಮಾತ್ರ ಕೆಲಸದ ದಿನಗಳಿಗೇ ಕತ್ತರಿ ಬೀಳುತ್ತದೆ.