ಫ್ಲಾಜಿಸ್ಟನ್: ವಸ್ತುಗಳೇಕೆ ಉರಿಯುತ್ತವೆ?

ಕಟ್ಟಿಗೆ ಉರಿದಾಗ ಅದರೊಳಗಿನ ಏನೋ ಹೊರಟುಹೋಗಿ ಬೂದಿ ಉಳಿಯುತ್ತದೆ ಎಂದು 1667ರಲ್ಲಿ ಜರ್ಮನಿಯ ಯೋಹಾನ್ ಬೆಖರ್ ವಾದಿಸಿದರು. ಆ ಸಾರವನ್ನು ‘ಫ್ಲಾಜಿಸ್ಟನ್’ ಎಂದು ಕರೆದು ಸಿದ್ಧಾಂತ ಬೆಳೆಸಿದವರು ವೈದ್ಯ ಗಿಯೊರ್ಗ್ ಸ್ಟಾಲ್. ಇದು ಮೂಢನಂಬಿಕೆಯಲ್ಲ, ಜಾಣ ವಿವರಣೆ. ಮುಚ್ಚಿದ ಜಾಡಿಯಲ್ಲಿ ದೀಪ ಏಕೆ ಆರುತ್ತದೆ? ಒಳಗಿನ ಗಾಳಿ ಫ್ಲಾಜಿಸ್ಟನ್ ಹೀರಿ ತುಂಬಿಹೋಗಿದೆ. ಅದಿರನ್ನು ಇದ್ದಿಲಿನೊಂದಿಗೆ ಕಾಯಿಸಿದರೆ ಲೋಹ ಏಕೆ ಬರುತ್ತದೆ? ಇದ್ದಿಲಿನ ಫ್ಲಾಜಿಸ್ಟನ್ ಅದಿರಿಗೆ ಸೇರಿತು. ಉರಿ, ತುಕ್ಕು, ಉಸಿರಾಟ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಇದರ ನಿಜವಾದ ಹಿರಿಮೆ.

ತಕ್ಕಡಿ ಮಾತ್ರ ಒಪ್ಪಲಿಲ್ಲ. ಫ್ಲಾಜಿಸ್ಟನ್ ಹೊರಟುಹೋದರೆ ತೂಕ ಇಳಿಯಬೇಕಿತ್ತು; ಆದರೆ ಗಾಳಿಯಲ್ಲಿ ಕಾಯಿಸಿದ ತವರ, ಸೀಸ ಭಸ್ಮವಾದಾಗ ತೂಕ ಏರುತ್ತಿತ್ತು! ಫ್ಲಾಜಿಸ್ಟನ್‌ಗೆ ಋಣ ತೂಕವಿದೆ ಎಂದೂ ಕೆಲವರು ವಾದಿಸಿದರು.

1774ರ ಆಗಸ್ಟ್ 1ರಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿದರು. ಹೊಮ್ಮಿದ ಗಾಳಿಯಲ್ಲಿ ಮೇಣದಬತ್ತಿ ಪ್ರಖರವಾಗಿ ಉರಿಯಿತು. ಅದನ್ನು ಅವರು ‘ಫ್ಲಾಜಿಸ್ಟನ್ ಕಳೆದ ಗಾಳಿ’ ಎಂದರು. ಪ್ಯಾರಿಸ್ಸಿನ ಲವಾಸಿಯೆ ಅದಕ್ಕೆ ಆಕ್ಸಿಜನ್ ಎಂದು ಹೆಸರಿಟ್ಟು, ಅದು ವಸ್ತುವಿನೊಡನೆ ಕೂಡುವುದೇ ಉರಿಯುವಿಕೆ ಎಂದು ತೂಗಿ ತೋರಿಸಿದರು. ಪ್ರೀಸ್ಟ್ಲಿ 1804ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಒಪ್ಪಲಿಲ್ಲ.