ಕಬ್ಬು ಕಡಿಯುವವರ ದುಡಿಮೆ ಮತ್ತು ಹಕ್ಕು

ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಕುಟುಂಬಗಳು ಪ್ರತಿವರ್ಷ ದೀಪಾವಳಿಯ ಸುಮಾರಿಗೆ ಪಶ್ಚಿಮ ಮಹಾರಾಷ್ಟ್ರಕ್ಕೂ ಉತ್ತರ ಕರ್ನಾಟಕಕ್ಕೂ ವಲಸೆ ಹೋಗುತ್ತವೆ. ಗುತ್ತಿಗೆದಾರನಾದ ಮುಕಾದಮನು ಮುಂಗಡ ಕೊಟ್ಟು, ಗಂಡಹೆಂಡಿರನ್ನು ಒಂದೇ ‘ಕೊಯ್ತಾ’, ಅಂದರೆ ಒಂದೇ ಕುಡುಗೋಲು, ಎಂದು ಲೆಕ್ಕ ಹಿಡಿಯುತ್ತಾನೆ. ಹೆಂಡತಿಯ ಕೂಲಿಗೆ ಪ್ರತ್ಯೇಕ ಲೆಕ್ಕವಿಲ್ಲ. ಕೂಲಿಯನ್ನು ಟನ್ನಿನ ಲೆಕ್ಕದಲ್ಲಿ ಕೊಡುತ್ತಾರೆ. ಕೆಲಸ ತಪ್ಪಿದ ದಿನಕ್ಕೆ ದಂಡ ಮುರಿದುಕೊಳ್ಳುತ್ತಾರೆ. ಹಂಗಾಮು ಮುಗಿದರೂ ತೀರದ ಮುಂಗಡ ಮರುವರ್ಷದ ದುಡಿಮೆಯ ಮೇಲೆ ಬೀಳುತ್ತದೆ.

ಸಾಲದ ಹೆಸರಿನಲ್ಲಿ ಬಲವಂತವಾಗಿ ದುಡಿಸುವುದನ್ನು 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯಿದೆಯು ನಿಷೇಧಿಸಿದೆ. ಅಂತಹ ಸಾಲವನ್ನು ತೀರಿಸಬೇಕಾಗಿಲ್ಲ. ಕಾಯಿದೆಯನ್ನು ಜಾರಿಗೊಳಿಸುವ ಹೊಣೆ ಜಿಲ್ಲಾಧಿಕಾರಿಗಳದು. ಬೆಳಗಾವಿ ಸೀಮೆಗೆ ಬರುವ ಮರಾಠಿ ಕಾರ್ಮಿಕರ ದೂರನ್ನು ಕನ್ನಡದಲ್ಲಿ ಬರೆದುಕೊಡುವುದು, ಎರಡೂ ನುಡಿಗಳನ್ನು ಬಲ್ಲ ನಮ್ಮಿಂದ ಆಗಬಹುದಾದ ಸೇವೆ.